ಪ್ರವೇಶಾರ್ಜಿಗೆ ಬಲ ಬರುವುದು ಎಲ್ಲಿಂದ? ಓದುಗರ ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ: ನಾನು ಹನ್ನೊಂದನೇ ತರಗತಿಯ ವಿದ್ಯಾರ್ಥಿನಿ. ಅಮೆರಿಕದ ಹಾರ್ವರ್ಡ್, ಯೇಲ್, ಎಂಐಟಿಯಂಥ ವಿಶ್ವವಿದ್ಯಾಲಯಗಳಿಗೆ ಮುಂದಿನ ವರ್ಷ ಅರ್ಜಿ ಹಾಕಬೇಕೆಂದಿದ್ದೇನೆ. ಅಂಕಗಳು ಚೆನ್ನಾಗಿವೆ. ಚರ್ಚಾಕೂಟ, ಪರಿಸರ ಸಂಘ, ಶಾಲಾ ಪತ್ರಿಕೆ ಎಂದೆಲ್ಲ ಒಂಬತ್ತು ಚಟುವಟಿಕೆಗಳಲ್ಲಿ ಇದ್ದೇನೆ. ಆದರೂ ಅರ್ಜಿ ಸಪ್ಪೆಯಾಗಿ ಕಾಣುತ್ತಿದೆ. ಬೇಸಿಗೆಯಲ್ಲಿ ಒಂದೆರಡು ಸಂಶೋಧನಾ ಶಿಬಿರಗಳನ್ನೂ ಸಮಾಜಸೇವೆಯನ್ನೂ ಸೇರಿಸಿಕೊಂಡರೆ ಅರ್ಜಿ ಗಟ್ಟಿಯಾದೀತೇ?

ಉತ್ತರ: ನಿಮ್ಮ ಅರ್ಜಿಗೆ ಬೇಕಿರುವುದು ಹತ್ತನೆಯ ಚಟುವಟಿಕೆಯಲ್ಲ. ಈಗಿರುವ ಒಂಬತ್ತರಲ್ಲಿ ಎರಡು ಮೂರನ್ನು, ನಿಮ್ಮ ಪರಿಚಯವೇ ಇಲ್ಲದವರೂ ಓದಿ ನಂಬುವ ಹಾಗೆ ಆಳಕ್ಕೆ ಒಯ್ಯಬೇಕು. 2023ರಲ್ಲಿ ಹಾರ್ವರ್ಡ್ ಸೇರಿದ ವಿದ್ಯಾರ್ಥಿಗಳ ತಂಡಕ್ಕೆ ಸುಮಾರು 57,000 ಅರ್ಜಿಗಳು ಬಂದಿದ್ದವು. ಪ್ರವೇಶ ಸಿಕ್ಕಿದ್ದು 2,000ಕ್ಕೂ ಕಡಿಮೆ ಮಂದಿಗೆ. ಹಿಂದೆ ಉಳಿದವರಲ್ಲಿ ತರಗತಿಗೇ ಮೊದಲಿಗರಾಗಿದ್ದವರು ಬಹಳ ಮಂದಿ ಇದ್ದಿರಲೇಬೇಕು. ಅಂದಮೇಲೆ ಒಳ್ಳೆಯ ಅಂಕಗಳು ಅನಿವಾರ್ಯವೇ ಹೊರತು ಅವು ಮಾತ್ರವೇ ಸಾಲವು. ಅರ್ಜಿಯನ್ನು ಓದುವ ಅಧಿಕಾರಿಗೆ ನಿಮಗಾಗಿ ಸಿಗುವ ಸಮಯವೂ ಬಹಳ ಕಡಿಮೆ. ಆದ್ದರಿಂದ ಅರ್ಜಿಯ ಒಂದೊಂದು ಭಾಗವೂ ಬೇರೆ ಭಾಗಗಳು ಹೇಳದಿರುವುದನ್ನು ಹೇಳಬೇಕು.

ಅಂಕಗಳ ಮಾತನ್ನು ಬೇಗ ಮುಗಿಸೋಣ. ಎಷ್ಟು ಅಂಕ ಬಂತು ಎಂಬುದರ ಜೊತೆಗೆ, ನಿಮ್ಮ ಶಾಲೆಯಲ್ಲಿ ದೊರೆಯುವ ವಿಷಯಗಳ ಪೈಕಿ ನೀವು ಎಷ್ಟು ಕಠಿಣವಾದವನ್ನು ಆರಿಸಿಕೊಂಡಿರಿ ಎಂಬುದನ್ನೂ ಅವರು ನೋಡುತ್ತಾರೆ. ಶಾಲೆಯ ವಿವರಪತ್ರವನ್ನು ಕೌನ್ಸೆಲರ್, ಅಂದರೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಶಾಲೆಯ ಸಲಹೆಗಾರರು, ಅರ್ಜಿಯೊಂದಿಗೇ ಕಳುಹಿಸುವುದು ಈ ಕಾರಣಕ್ಕೆ. ಹನ್ನೆರಡನೇ ತರಗತಿಯಲ್ಲಿ ಅರ್ಜಿ ಬರೆಯಲು ಬಿಡುವು ಬೇಕೆಂದು ಗಣಿತವನ್ನು ಕೈಬಿಟ್ಟು ಹಗುರವಾದ ವಿಷಯ ತೆಗೆದುಕೊಳ್ಳಬೇಡಿ, ಏಕೆಂದರೆ ಆ ವರ್ಷದ ಮಧ್ಯಾವಧಿಯ ಅಂಕಗಳೂ ಅವರನ್ನು ತಲುಪುತ್ತವೆ. ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆ ಈಗ ಐಚ್ಛಿಕ ಎಂಬ ಹಳೆಯ ಮಾತನ್ನು ನೆಚ್ಚಬೇಡಿ. ಎಂಐಟಿ 2022ರಲ್ಲಿ ಈ ಪರೀಕ್ಷೆಗಳನ್ನು ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಪ್ರವೇಶ ನಿರ್ಧರಿಸುವಾಗ ಆ ಅಂಕಗಳನ್ನು ಪರಿಗಣಿಸುವುದೇ ಇಲ್ಲ. ಒಂದೊಂದರ ನಿಯಮವನ್ನೂ ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿಯೇ ಓದಿಕೊಳ್ಳಿ.

ಈಗ ಚಟುವಟಿಕೆಗಳ ವಿಚಾರ. ಅನೇಕ ಕಾಲೇಜುಗಳು ಸ್ವೀಕರಿಸುವ ಕಾಮನ್ ಆ್ಯಪ್ ಎಂಬ ಅರ್ಜಿನಮೂನೆಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ. ಒಂದೊಂದರ ವಿವರಣೆಗೆ 150 ಅಕ್ಷರಗಳು ಮಾತ್ರ. ಹತ್ತನ್ನೂ ತುಂಬಲೇಬೇಕೆಂಬ ನಿಯಮವಿಲ್ಲ. ಈ ಪುಟ್ಟ ಜಾಗದಲ್ಲಿ ಹೆಚ್ಚಿನವರು ಬರೆಯುವುದು ಹೀಗೆ: ‘ಪರಿಸರ ಸಂಘದ ಅಧ್ಯಕ್ಷೆ. ಹಲವು ಜಾಗೃತಿ ಕಾರ್ಯಕ್ರಮಗಳನ್ನು ನಡೆಸಿ ನಾಯಕತ್ವದ ಗುಣ ಬೆಳೆಸಿಕೊಂಡೆ.’ ಇದು ಸಾವಿರ ಅರ್ಜಿಗಳಲ್ಲಿ ಬರಬಹುದಾದ ಸಾಲು. ಅದೇ ಸಂಘದ ಅದೇ ಕೆಲಸವನ್ನು ಹೀಗೆ ಬರೆದು ನೋಡಿ: ‘ಶಾಲೆಯ ಊಟದ ಮನೆಯಲ್ಲಿ ವ್ಯರ್ಥವಾಗುವ ಆಹಾರವನ್ನು ಎರಡು ತಿಂಗಳು ತೂಗಿದೆ, ಲೆಕ್ಕ ತೋರಿಸಿ ಬಡಿಸುವ ಅಳತೆಯನ್ನು ಕಡಿಮೆ ಮಾಡಿಸಿದೆ.’ ಎರಡನೆಯದರಲ್ಲಿ ನಾಯಕತ್ವ ಎಂಬ ಪದವೇ ಇಲ್ಲ, ಆದರೆ ತೂಕದ ಯಂತ್ರದ ಮುಂದೆ ದಿನವೂ ನಿಂತ ಹುಡುಗಿಯೊಬ್ಬಳು ಕಾಣುತ್ತಾಳೆ. ನಿಮ್ಮ ಒಂಬತ್ತರಲ್ಲಿ ಯಾವುದನ್ನು ಹೀಗೆ ಬರೆಯಲು ಸಾಧ್ಯವಿಲ್ಲವೋ ಅದು ಹೆಸರಿಗಷ್ಟೇ ಇರುವ ಚಟುವಟಿಕೆ ಎಂದು ತಿಳಿದು, ಅದಕ್ಕೆ ಕೊಡುತ್ತಿದ್ದ ಸಮಯವನ್ನು ಉಳಿದವುಗಳಿಗೆ ಕೊಡಿ. ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ಸಂಬಳಕ್ಕೆ ದುಡಿಯುವುದು ಇವೂ ಚಟುವಟಿಕೆಗಳೇ. ನಮೂನೆಯಲ್ಲಿ ಇವಕ್ಕೆಂದೇ ಪ್ರತ್ಯೇಕ ವರ್ಗಗಳಿವೆ, ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ದೊಡ್ಡ ಶುಲ್ಕ ತೆತ್ತು ಸೇರುವ ಬೇಸಿಗೆ ಶಿಬಿರಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ದುಡ್ಡು ಕೊಟ್ಟವರಿಗೆಲ್ಲ ಸಿಗುವ ಪ್ರಮಾಣಪತ್ರದಿಂದ ನಿಮ್ಮ ವಿಷಯವಾಗಿ ಯಾರಿಗೂ ಹೆಚ್ಚೇನೂ ತಿಳಿಯುವುದಿಲ್ಲ.

ಶಿಫಾರಸು ಪತ್ರಗಳನ್ನು ವಿದ್ಯಾರ್ಥಿಗಳು ಕೊನೆಯ ಗಳಿಗೆಯ ಕೆಲಸವೆಂದು ಭಾವಿಸುವುದು ನನಗೆ ಅರ್ಥವಾಗದ ಸಂಗತಿ. ನಿಮ್ಮ ಬಗ್ಗೆ ನೀವಲ್ಲದೆ ಬೇರೆಯವರು ಮಾತಾಡುವುದು ಅರ್ಜಿಯಲ್ಲಿ ಅಲ್ಲಿ ಮಾತ್ರ. ಎಂಐಟಿ ಎರಡು ಪತ್ರಗಳನ್ನು ಕೇಳುತ್ತದೆ: ಒಂದು ಗಣಿತ ಅಥವಾ ವಿಜ್ಞಾನದ ಶಿಕ್ಷಕರಿಂದ, ಇನ್ನೊಂದು ಭಾಷೆ, ಇತಿಹಾಸದಂತಹ ವಿಷಯಗಳ ಶಿಕ್ಷಕರಿಂದ. ಅತಿ ಹೆಚ್ಚು ಅಂಕ ಕೊಟ್ಟವರಿಗಿಂತ, ನೀವು ತಡವರಿಸಿ ಮತ್ತೆ ಎದ್ದು ನಿಂತದ್ದನ್ನು ಕಂಡವರು ಬರೆದರೆ ಪತ್ರಕ್ಕೆ ಜೀವ ಬರುತ್ತದೆ. ಬೇಸಿಗೆ ರಜೆಗೆ ಮುನ್ನವೇ ಅವರನ್ನು ಕೇಳಿಕೊಳ್ಳಿ. ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಿ. ಅದರಲ್ಲಿ ಪದಕಗಳ ಪಟ್ಟಿಗೆ ಬದಲು, ಅವರ ತರಗತಿಯಲ್ಲಿ ನಿಮ್ಮನ್ನು ಕಾಡಿದ ಪ್ರಶ್ನೆ ಯಾವುದು, ಯಾವ ಬರಹವನ್ನು ಅವರ ಮಾತು ಕೇಳಿ ಮತ್ತೆ ಬರೆದಿರಿ ಎಂಬುದನ್ನು ನೆನಪಿಸಿ.

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿಯಿದೆ. ಚಟುವಟಿಕೆಗಳ ಪಟ್ಟಿಯಲ್ಲಿ ಬಂದುಹೋದದ್ದನ್ನೇ ಇಲ್ಲಿ ಹಿಗ್ಗಿಸಿ ಬರೆದರೆ ಆ ಜಾಗ ವ್ಯರ್ಥವಾಯಿತೆಂದೇ ಲೆಕ್ಕ. ವಿಷಯ ದೊಡ್ಡದಾಗಿರಬೇಕಿಲ್ಲ, ಯೋಚಿಸುವ ಬಗೆ ನಿಮ್ಮದಾಗಿರಬೇಕು. ‘ನಮ್ಮ ಕಾಲೇಜೇ ಏಕೆ?’ ಎಂಬ ಪೂರಕ ಪ್ರಶ್ನೆಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಕೊಲಂಬಿಯಾದಲ್ಲಿ ಎಲ್ಲರೂ ಓದಲೇಬೇಕಾದ ಸಾಮಾನ್ಯ ಪಠ್ಯಗಳ ದೊಡ್ಡ ಕ್ರಮವಿದೆ, ಬ್ರೌನ್‌ನಲ್ಲಿ ಅಂತಹ ಸಾಮಾನ್ಯ ಕಡ್ಡಾಯವೇ ಇಲ್ಲ. ಎರಡಕ್ಕೂ ಒಂದೇ ಉತ್ತರ ಹೊಂದಿತೆಂದರೆ ನೀವು ಎರಡನ್ನೂ ಸರಿಯಾಗಿ ನೋಡಿಲ್ಲ. ಪ್ರಬಂಧವನ್ನು ಶಿಕ್ಷಕರಿಗೆ ತೋರಿಸಿ ಸಲಹೆ ಪಡೆಯುವುದು ತಪ್ಪಲ್ಲ. ಬೇರೆಯವರಿಂದಲೋ ಕೃತಕ ಬುದ್ಧಿಮತ್ತೆಯಿಂದಲೋ ಬರೆಸಿ ನಿಮ್ಮದೆಂದು ಕಳುಹಿಸುವುದನ್ನು ಮಾತ್ರ ಕಾಮನ್ ಆ್ಯಪ್‌ನ ನಿಯಮಗಳು ವಂಚನೆಯೆಂದೇ ಪರಿಗಣಿಸುತ್ತವೆ.

ಪ್ರಶ್ನೆ: ಮಗ ಬೇರೆ ದೇಶದಿಂದ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾನೆ. ಆರ್ಥಿಕ ನೆರವು ಕೇಳಿದರೆ ಪ್ರವೇಶಕ್ಕೆ ತೊಡಕಾಗುತ್ತದೆಯೇ? ಮೊದಲೇ ಅರ್ಜಿ ಹಾಕುವ ‘ಅರ್ಲಿ’ ಸುತ್ತಿನಲ್ಲಿ ಅವಕಾಶ ಹೆಚ್ಚೆನ್ನುತ್ತಾರೆ, ನಿಜವೇ?

ಉತ್ತರ: ಕಾಲೇಜನ್ನು ಅವಲಂಬಿಸಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಬೋಡನ್ ಮುಂತಾದ ಕೆಲವು ಸಂಸ್ಥೆಗಳು ವಿದೇಶೀ ಅರ್ಜಿದಾರರ ವಿಷಯದಲ್ಲಿಯೂ ಕುಟುಂಬದ ಹಣಕಾಸಿನ ಸ್ಥಿತಿಯನ್ನು ಆಯ್ಕೆಯ ವೇಳೆ ಗಣಿಸುವುದಿಲ್ಲ, ಆಯ್ಕೆಯಾದವರಿಗೆ ತಮ್ಮ ಲೆಕ್ಕದ ಪ್ರಕಾರ ಬೇಕಾದ ಪೂರ್ತಿ ನೆರವನ್ನೂ ಕೊಡುತ್ತವೆ. ಉಳಿದ ಬಹುಪಾಲು ಕಾಲೇಜುಗಳಲ್ಲಿ ವಿದೇಶೀ ವಿದ್ಯಾರ್ಥಿ ನೆರವು ಕೇಳಿದರೆ ಸ್ಪರ್ಧೆ ಬಿಗಿಯಾಗುತ್ತದೆ. ಹಾಗೆಂದು, ನೆರವು ಬೇಕಿದ್ದೂ ಬೇಡವೆಂದು ಬರೆದು, ಒಳಗೆ ಹೋದ ಮೇಲೆ ಕೇಳೋಣ ಎಂಬ ಲೆಕ್ಕಾಚಾರಕ್ಕೆ ಇಳಿಯಬೇಡಿ. ಮೊದಲು ಕೇಳದವರಿಗೆ ಆಮೇಲೆ ಕೊಡದ ಕಾಲೇಜುಗಳು ಅನೇಕ.

ಅರ್ಲಿ ಡಿಸಿಷನ್ ಎಂಬುದು ಬದ್ಧತೆಯ ಸುತ್ತು: ಒಂದೇ ಕಾಲೇಜಿಗೆ, ಸಾಮಾನ್ಯವಾಗಿ ನವೆಂಬರ್ 1ರ ಹೊತ್ತಿಗೆ ಅರ್ಜಿ ಹಾಕಿ, ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂದು ಮಾತು ಕೊಡಬೇಕು. ಎಂಐಟಿಯ ಅರ್ಲಿ ಆ್ಯಕ್ಷನ್‌ನಲ್ಲಿ ಈ ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಸಿಕ್ಕಮೇಲೆ ಸೇರಲೇಬೇಕೆಂದಿಲ್ಲ, ಆದರೆ ಅದೇ ಸುತ್ತಿನಲ್ಲಿ ಬೇರೆ ಖಾಸಗಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದಕ್ಕೆ ನಿರ್ಬಂಧವಿದೆ. ಅರ್ಲಿ ಸುತ್ತಿನ ಆಯ್ಕೆಯ ಪ್ರಮಾಣ ಹೆಚ್ಚಾಗಿ ಕಾಣುವುದು ನಿಜವಾದರೂ, ಕಾಲೇಜು ತಂಡಗಳಿಗೆ ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳು ಆ ಲೆಕ್ಕದಲ್ಲಿ ಸೇರಿರುತ್ತಾರೆ. ಅಷ್ಟೂ ಲಾಭ ನಿಮ್ಮ ಮಗನ ಪಾಲಿಗೆ ಬರುವುದಿಲ್ಲ. ನೆರವಿನ ಮೊತ್ತಗಳನ್ನು ಹೋಲಿಸಿ ನೋಡಲೇಬೇಕಾದ ಕುಟುಂಬಕ್ಕೆ ಬದ್ಧತೆಯ ಸುತ್ತು ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಹತ್ತನೇ ತರಗತಿಯಲ್ಲಿ ದೀರ್ಘ ಕಾಯಿಲೆಯಿಂದ ನನ್ನ ಅಂಕಗಳು ಕುಸಿದವು. ಇದನ್ನೇ ಪ್ರಬಂಧದ ವಿಷಯ ಮಾಡಿಕೊಳ್ಳಲೇ?

ಉತ್ತರ: ಬೇಡ. ಆ ಅನುಭವದಿಂದ ನಿಮ್ಮಲ್ಲಿ ಬೇರೇನಾದರೂ ಹುಟ್ಟಿ ಬೆಳೆದಿದ್ದರೆ ಮಾತು ಬೇರೆ. ಕಾರಣ ತಿಳಿಸುವುದಷ್ಟೇ ಉದ್ದೇಶವಾದರೆ ಅದಕ್ಕೆ ಕಾಮನ್ ಆ್ಯಪ್‌ನಲ್ಲಿ ‘ಹೆಚ್ಚುವರಿ ಮಾಹಿತಿ’ ಎಂಬ ಭಾಗವಿದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಶಾಲೆ ತಪ್ಪಿತು, ಯಾವ ವಿಷಯಗಳಿಗೆ ಪೆಟ್ಟು ಬಿತ್ತು, ಮುಂದಿನ ವರ್ಷ ಅದೇ ವಿಷಯಗಳಲ್ಲಿ ಏನಾಯಿತು ಎಂಬುದನ್ನು ನಾಲ್ಕೈದು ನೇರ ವಾಕ್ಯಗಳಲ್ಲಿ ಬರೆಯಿರಿ. ಕರುಣೆ ಬೇಡುವ ದನಿ ಬೇಡ. ಕೌನ್ಸೆಲರ್ ತಮ್ಮ ಪತ್ರದಲ್ಲಿ ಇದನ್ನು ದೃಢಪಡಿಸಿದರೆ ನಿಮ್ಮ ಮಾತಿಗೆ ಹೆಚ್ಚು ತೂಕ ಬರುತ್ತದೆ. ಆದ್ದರಿಂದ ರಜೆ ಪತ್ರಗಳ ಮತ್ತು ವೈದ್ಯರ ಪತ್ರದ ಪ್ರತಿಗಳೊಂದಿಗೆ ಅವರನ್ನು ಈ ತಿಂಗಳಲ್ಲೇ ಕಾಣಿರಿ. ಅರ್ಜಿಗಳ ಕಾಲ ಬಂದಾಗ ಅವರ ಮೇಜಿನ ಮೇಲೆ ಹತ್ತಾರು ವಿದ್ಯಾರ್ಥಿಗಳ ಕಡತಗಳಿರುತ್ತವೆ.