ಗ್ಲಾಕಸ್ ಒಬ್ಬನೇನಾ?

ಪ್ರಶ್ನೆ: ಗ್ರೀಕ್ ಪುರಾಣದ ಕಥೆಗಳನ್ನು ಓದುತ್ತಿದ್ದೇನೆ. ಒಂದು ಕಡೆ ಗ್ಲಾಕಸ್‌ನನ್ನು ಅವನ ಕುದುರೆಗಳೇ ತಿಂದುಬಿಡುತ್ತವೆ. ಮುಂದೆ ನೋಡಿದರೆ ಟ್ರಾಯ್ ಯುದ್ಧದಲ್ಲಿದ್ದಾನೆ. ಇನ್ನೊಂದು ಕಡೆ ಚಿಕ್ಕ ಹುಡುಗ, ಜೇನಿನ ಜಾಡಿಗೆ ಬೀಳುತ್ತಾನೆ. ಮತ್ತೆ ಮತ್ತೆ ಹುಟ್ಟಿ ಬರುತ್ತಾನಾ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಪುನರ್ಜನ್ಮ ಏನಿಲ್ಲ, ಬೇರೆ ಬೇರೆ ಜನ. ಗವಿಮಠದ ಜಾತ್ರೆಯಲ್ಲಿ ನಿಂತು ‘ಗವಿಸಿದ್ದಪ್ಪಾ’ ಅಂತ ಕೂಗಿ ನೋಡಿ, ಎಷ್ಟು ಜನ ತಿರುಗುತ್ತಾರೆ! ಆಗ ಯಾರ ಮಗ ಅಂತ ಕೇಳುತ್ತೀರಿ ಅಲ್ವಾ, ಇಲ್ಲೂ ಅದನ್ನೇ ಕೇಳಿ.

ಕುದುರೆಗಳ ಬಾಯಿಗೆ ಸಿಕ್ಕವನು ಸಿಸಿಫಸ್‌ನ ಮಗ. ಅವನ ಮಗ ಬೆಲ್ಲೆರೊಫಾನ್, ಬೆಲ್ಲೆರೊಫಾನ್‌ನ ಮಗ ಹಿಪ್ಪೊಲೊಕಸ್, ಹಿಪ್ಪೊಲೊಕಸ್‌ನ ಮಗನೇ ಟ್ರಾಯ್‌ನಲ್ಲಿ ಕಾದಾಡಿದ ಗ್ಲಾಕಸ್. ಮುತ್ತಜ್ಜನ ಹೆಸರಿಟ್ಟಿದ್ದಾರೆ, ಅಷ್ಟೇ. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರ್‌ನ ಕಾವ್ಯ ‘ಇಲಿಯಡ್’ನ 6ನೇ ಭಾಗದಲ್ಲಿ ಎದುರಾಳಿ ಗ್ರೀಕ್ ವೀರ ಡಯೊಮಿಡೀಸ್ ‘ನೀನು ಯಾರು’ ಅಂದಾಗ ಈ ವಂಶಾವಳಿಯನ್ನು ಅವನೇ ಒಪ್ಪಿಸುತ್ತಾನೆ. ಕೇಳಿದ ಡಯೊಮಿಡೀಸ್‌ಗೆ ಅಜ್ಜಂದಿರ ಕಾಲದ ಸ್ನೇಹ ನೆನಪಾಗಿ, ಹೊಡೆದಾಡಬೇಕಾದವರು ಕವಚ ಬದಲಾಯಿಸಿಕೊಂಡು ಬೇರೆಯಾಗುತ್ತಾರೆ. ಗ್ಲಾಕಸ್ ಕೊಟ್ಟಿದ್ದು 100 ಎತ್ತಿನ ಬೆಲೆಯ ಬಂಗಾರದ ಕವಚ, ತಗೊಂಡಿದ್ದು 9 ಎತ್ತಿನ ಬೆಲೆಯ ಕಂಚಿನದು! ಹೋಮರ್ ಕೂಡ ಸುಮ್ನಿರಲಿಲ್ಲ, ದೇವತೆಗಳ ರಾಜ ಜ್ಯೂಸ್ ಇವನ ಬುದ್ಧಿ ಕಿತ್ತುಕೊಂಡ ಅಂತ ಚುಚ್ಚಿದ್ದಾನೆ.

ಜೇನಿನ ಜಾಡಿಯ ಹುಡುಗ ಕ್ರೀಟ್‌ನ ರಾಜ ಮಿನೋಸ್‌ನ ಮಗ. ಮಗನನ್ನು ಬದುಕಿಸು ಅಂತ ಮಿನೋಸ್ ಪಾಲಿಯಿಡಸ್ ಎಂಬ ಕಣಿಗಾರನನ್ನು ಹೆಣದ ಜೊತೆ ಕೂಡಿಹಾಕುತ್ತಾನೆ. ಅಲ್ಲಿಗೆ ಬಂದ ಹಾವನ್ನು ಇವನು ಕೊಂದರೆ, ಇನ್ನೊಂದು ಹಾವು ಯಾವುದೋ ಸೊಪ್ಪು ತಂದು ಸತ್ತದ್ದನ್ನು ಎಬ್ಬಿಸುತ್ತದೆ. ಅದೇ ಸೊಪ್ಪಿನಿಂದ ಹುಡುಗ ಎದ್ದು ಕೂರುತ್ತಾನೆ. ಮಿನೋಸ್ ಅಷ್ಟಕ್ಕೆ ಬಿಡದೆ ಮಗನಿಗೆ ಕಣಿ ವಿದ್ಯೆ ಬೇರೆ ಕಲಿಸಿಸುತ್ತಾನೆ. ಪಾಲಿಯಿಡಸ್ ಊರು ಬಿಡುವಾಗ ಹುಡುಗನಿಂದ ತನ್ನ ಬಾಯಿಗೆ ಉಗುಳಿಸಿಕೊಳ್ಳುತ್ತಾನೆ, ಕಲಿತದ್ದೆಲ್ಲ ಹುಡುಗನಿಗೆ ಮರೆತೇ ಹೋಗುತ್ತದೆ. ನಾಲ್ಕರಲ್ಲಿ ನನಗೆ ಇದೇ ಜಾಸ್ತಿ ಇಷ್ಟ.

ಹೌದು, ನಾಲ್ಕು. ಅಂಥೆಡಾನ್ ಊರಿನ ಬೆಸ್ತ ಗ್ಲಾಕಸ್‌ನ ಕಥೆ ನಿಮಗೆ ಇನ್ನೂ ಸಿಕ್ಕಿಲ್ಲ. ಹಿಡಿದು ಹುಲ್ಲಿನ ಮೇಲೆ ಹಾಕಿದ ಮೀನುಗಳು ಜೀವ ಬಂದು ಸಮುದ್ರಕ್ಕೆ ಹಾರಿದ್ದನ್ನು ಕಂಡು, ತಾನೂ ಆ ಹುಲ್ಲು ತಿಂದು ಕಡಲ ದೇವರಾದವನು. ಇಲ್ಲೂ ಜೀವ ಕೊಡುವ ಸೊಪ್ಪೇ ಬರುವುದರಿಂದ ಇವನನ್ನು ಮಿನೋಸ್‌ನ ಮಗ ಅಂದುಕೊಂಡುಬಿಡಬೇಡಿ.

ತಂದೆಯ ಹೆಸರು ಎಲ್ಲ ಕಡೆ ಸಿಗುವುದಿಲ್ಲ. ‘ಇಲಿಯಡ್’ನಲ್ಲೇ ಯೂರಿಬೇಟೀಸ್ ಹೆಸರಿನ ಇಬ್ಬರಿದ್ದಾರೆ, ಇಬ್ಬರೂ ದೂತರೇ. ಅಲ್ಲಿ ಯಜಮಾನ ಯಾರು ಅಂತ ನೋಡಬೇಕು: ಒಬ್ಬ ಗ್ರೀಕ್ ರಾಜ ಆಗಮೆಮ್ನಾನ್ ಕಡೆಯವನು, ಇನ್ನೊಬ್ಬ ಇನ್ನೊಬ್ಬ ಗ್ರೀಕ್ ರಾಜನಾದ ಒಡಿಸ್ಸಿಯಸ್ ಕಡೆಯವನು.