ತ್ರಿಕೋನಮಿತಿ ನೆನಪಿಡೋಕೆ ಟ್ರಿಕ್ ಇದೆಯಾ? ‘ಟ್ರಿಗ್’ ಅಂದ್ರೆ ಏನು?

ಕೋಲಾರದಲ್ಲಿ ಡಿಪ್ಲೊಮಾ ಸಿವಿಲ್ ಸೇರಿದ್ದೀರಿ, ಎಲ್ಲಿ ಸೈನ್, ಎಲ್ಲಿ ಟ್ಯಾನ್ ಅಂತ ನೆನಪಿಡೋಕೆ ಒಂದು ಟ್ರಿಕ್ ಬೇಕು ಅಂತ ಕೇಳಿದ್ದೀರಿ. ನನ್ನ ಹತ್ತಿರವೂ ಅಂಥದ್ದೊಂದು ಇತ್ತು. ‘ಎತ್ತರ ಕೇಳಿದರೆ ಟ್ಯಾನ್.’ ಎಸ್ಸೆಸ್ಸೆಲ್ಸಿ ಟ್ಯೂಷನ್‌ನಲ್ಲಿ ಕಲಿತದ್ದು. ಪರೀಕ್ಷೆಯಲ್ಲಿ ಮಾರ್ಕ್ಸೂ ಬಂತು. ಯಾಕಂದ್ರೆ ಪುಸ್ತಕದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಹುಡುಗ ಗೋಪುರದ ಬುಡದಿಂದ ಇಷ್ಟು ಮೀಟರ್ ದೂರದಲ್ಲಿ, ಸಮತಟ್ಟು ನೆಲದ ಮೇಲೆ ನಿಂತಿರುತ್ತಾನೆ.

ಡಿಪ್ಲೊಮಾ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೆಲಸಕ್ಕೆ ಸೇರಿದೆ. ಒಂದು ಹಳ್ಳಿಯ ಗುಡ್ಡದ ಮೇಲಿನ ಗುಡಿಗೆ ಕಲ್ಲಿನ ಮೆಟ್ಟಿಲು ಹಾಕಬೇಕಿತ್ತು. ಊರವರು ಮನೆಮನೆಗೂ ಹೋಗಿ ಚಂದಾ ಎತ್ತಿದ ದುಡ್ಡು. ಎಷ್ಟು ಕಲ್ಲು ಬೇಕು ಅಂತ ಲೆಕ್ಕ ಕೊಡೋದು ನನ್ನ ಪಾಲಿಗೆ ಬಂತು. ಬುಡದಿಂದ ಗುಡಿಯ ಬಾಗಿಲವರೆಗೆ ಗುಡ್ಡದ ಮೈಮೇಲೇ ಟೇಪ್ ಎಳೆದು ಅಳೆದೆವು. 60 ಮೀಟರ್ ಬಂತು. ಒಂದು ಕೋಲಿಗೆ ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಕೆಂಪು ದಾರ ಕಟ್ಟಿ, ಹುಡುಗನೊಬ್ಬನ ಕೈಲಿ ಅದನ್ನು ಮೇಲೆ ಹಿಡಿಸಿ, ಕೆಳಗಿನಿಂದ ಆ ದಾರ ನೋಡಿ ಕೋನ ಹಿಡಿದೆ. 30 ಡಿಗ್ರಿ. ಇಷ್ಟೂ ಸರಿಯಾಗಿಯೇ ಇತ್ತು.

ಆಮೇಲೆ ‘ಎತ್ತರ ಕೇಳಿದರೆ ಟ್ಯಾನ್’ ಅಂತ 60ನ್ನು ಟ್ಯಾನ್ 30ರಿಂದ, ಅಂದ್ರೆ 0.5774ರಿಂದ ಗುಣಿಸಿದೆ. 34.64 ಮೀಟರ್. ಒಂದು ಮೆಟ್ಟಿಲು 15 ಸೆಂಟಿಮೀಟರ್ ಏರಿದರೆ 231 ಕಲ್ಲು. ಕ್ವಾರಿಗೆ ಆರ್ಡರ್ ಹೋಯಿತು.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾಗಿರೋದು ಇದೇ. ಲಂಬಕೋನ ತ್ರಿಭುಜದಲ್ಲಿ ನೀವು ನಿಂತ ಮೂಲೆಯ ಎದುರಿಗಿರೋದು ಅಭಿಮುಖ ಬಾಹು. ಆ ಮೂಲೆಯಿಂದ ಲಂಬಕೋನಕ್ಕೆ ಹೋಗೋದು ಪಾರ್ಶ್ವ ಬಾಹು. ಇವೆರಡರ ತುದಿ ಸೇರಿಸೋ ಓರೆ ಗೆರೆ ವಿಕರ್ಣ, ಮೂರರಲ್ಲಿ ಎಲ್ಲಕ್ಕಿಂತ ಉದ್ದದ್ದು ಅದೇ. ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ತ್ರಿಭುಜ ಚಿಕ್ಕದಿರಲಿ ದೊಡ್ಡದಿರಲಿ, ಕೋನ ಅದೇ ಆದರೆ ಈ ಅನುಪಾತವೂ ಅದೇ. ಟ್ಯಾನ್‌ಗೆ ಬೇಕಿದ್ದದ್ದು ಪಾರ್ಶ್ವ, ಅಂದ್ರೆ ಗುಡ್ಡದ ಹೊಟ್ಟೆಯೊಳಗೆ ಮಟ್ಟವಾಗಿ ಹೋಗೋ ದೂರ. ಅದನ್ನು ನಾನು ಅಳೆದೇ ಇರಲಿಲ್ಲ. ನನ್ನ ಟೇಪ್ ಮಲಗಿದ್ದು ಓರೆಯಾಗಿ. ಕೈಲಿದ್ದ 60 ಮೀಟರ್ ವಿಕರ್ಣ. ಹಾಗಾಗಿ ಬೇಕಿದ್ದದ್ದು ಸೈನ್. ಸೈನ್ 30 ಅಂದ್ರೆ ಅರ್ಧ. 60 ಮೀಟರ್ ಹತ್ತಿದರೆ 30 ಮೀಟರ್ ಏರುತ್ತೀರಿ. 200 ಕಲ್ಲು ಸಾಕಿತ್ತು.

ಮೇಸ್ತ್ರಿ ಫೋನ್ ಮಾಡಿ, “ಸಾರ್, ಗುಡಿ ಬಾಗ್ಲು ಬಂತು, ಕಲ್ಲು ಇನ್ನೂ ಕೆಳಗೆ ಬಿದ್ದಿದಾವೆ” ಅಂದಾಗಲೇ ಗೊತ್ತಾಗಿದ್ದು. 31 ಕಲ್ಲು ಜಾಸ್ತಿ. ಅಳತೆಗೆ ಕಡಿದ ಕಲ್ಲನ್ನು ಕ್ವಾರಿಯವರು ವಾಪಸ್ ತಗೊಳ್ಳಲ್ಲ. ಆ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ಊರವರ ಚಂದಾದಿಂದ ಹೋಗಲಿಲ್ಲವಲ್ಲ, ಅಷ್ಟು ಸಮಾಧಾನ.

ಆದ್ದರಿಂದ ನಿಮಗೆ ಟ್ರಿಕ್ ಹೇಳಿಕೊಡಲ್ಲ. ‘ಯಾವ ಸೂತ್ರ’ ಅನ್ನೋ ಪ್ರಶ್ನೆಯನ್ನೇ ಬಿಡಿ. ‘ನನ್ನ ಕೈಲಿರೋ ಬಾಹು ಯಾವುದು, ಬೇಕಾಗಿರೋದು ಯಾವುದು’ ಅಂತ ಕೇಳಿ. ಸೂತ್ರ ತಾನಾಗಿ ಬರುತ್ತದೆ. ತ್ರಿಭುಜವನ್ನು ತಲೆಕೆಳಗಾಗಿ, ಅಡ್ಡಡ್ಡವಾಗಿ ಬರೆದು ಹೆಸರಿಸಿ. ನಿಂತಿರೋ ಗೆರೆಯೇ ಅಭಿಮುಖ ಅಂತ ಅಂದುಕೊಂಡರೆ, ಏಣಿ ಗೋಡೆಯ ಜೊತೆ ಮಾಡೋ ಕೋನ ಕೊಟ್ಟ ದಿನ ಸಿಕ್ಕಿಬೀಳುತ್ತೀರಿ. ಇನ್ನೊಂದು, ಸೈನ್ ಯಾವತ್ತೂ 1 ದಾಟಲ್ಲ, ವಿಕರ್ಣವೇ ಉದ್ದ ಅಲ್ವಾ. ಟ್ಯಾನ್ ದಾಟುತ್ತದೆ. 45 ಡಿಗ್ರಿಗೆ 1, 60ಕ್ಕೆ 1.732. ಉತ್ತರ ಹುಸಿಯಾದಾಗ ಇದರಿಂದಲೇ ಎಷ್ಟೋ ಸಲ ಗೊತ್ತಾಗುತ್ತದೆ.

‘ಟ್ರಿಗ್’ ಅಂದ್ರೆ ಟ್ರಿಗನಾಮೆಟ್ರಿಯ ಗಿಡ್ಡ ಹೆಸರು ಅಷ್ಟೇ. ಗ್ರೀಕಿನಲ್ಲಿ ಟ್ರಿಗೋನಾನ್ ತ್ರಿಕೋನ, ಮೆಟ್ರಾನ್ ಅಳತೆ. 1595ರಲ್ಲಿ ಪಿಟಿಸ್ಕಸ್ ಎಂಬ ಜರ್ಮನ್ ಗಣಿತಜ್ಞ ತನ್ನ ಪುಸ್ತಕಕ್ಕೆ ಇಟ್ಟ ಹೆಸರು. ಲೆಕ್ಕ ಅದಕ್ಕಿಂತ ಎಷ್ಟೋ ಹಳೆಯದು, ಆರ್ಯಭಟನ ಕಾಲಕ್ಕೇ ನಮ್ಮಲ್ಲಿ ಜ್ಯಾ ಕೋಷ್ಟಕ, ಅಂದ್ರೆ ಈಗಿನ ಸೈನ್‌ನಂಥ ಪಟ್ಟಿ, ಇತ್ತು. ಇಂಗ್ಲಿಷ್ ನಿಘಂಟಿನಲ್ಲಿ ‘ಟ್ರಿಗ್’ಗೆ ಅಚ್ಚುಕಟ್ಟು ಅಂತಲೂ, ಗಾಡಿ ಉರುಳದಂತೆ ಗಾಲಿಗೆ ಕೊಡೋ ಅಡ್ಡಗಲ್ಲು ಅಂತಲೂ ಅರ್ಥ ಸಿಗುತ್ತದೆ. ಅವಕ್ಕೂ ತ್ರಿಕೋನಕ್ಕೂ ನಂಟಿಲ್ಲ. ಸರ್ವೆಯವರು ‘ಟ್ರಿಗ್ ಪಾಯಿಂಟ್’ ಅಂದರೆ ಬೆಟ್ಟದ ತುದಿಯಂಥ ಕಡೆ ಗುರುತು ಮಾಡಿದ, ಕೋನ ಹಿಡಿಯೋಕೆ ಬಳಸೋ ಸ್ಥಿರ ಜಾಗ. ನಿಮ್ಮ ಕೋರ್ಸಿಗೆ ಇದು ಬೇಕಾಗುತ್ತದೆ.

1802ರಲ್ಲಿ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ಗೆರೆಯನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನ ಪೋಣಿಸುತ್ತಾ ದೇಶದ ಅಳತೆ ಶುರು ಮಾಡಿದ. ಮುಂದೆ ಎವರೆಸ್ಟ್ 29,002 ಅಡಿ ಅಂತ ಲೆಕ್ಕ ಸಿಕ್ಕಿದ್ದು ಇದೇ ಸರ್ವೆಯಲ್ಲಿ. ನೆಲ ಓರೆ ಇದ್ದ ಕಡೆ ಸರಪಳಿಯ ಅಳತೆಯನ್ನು ಹಾಗೇ ಬರೆದುಕೊಳ್ಳಲಿಲ್ಲ, ಮಟ್ಟದ ದೂರಕ್ಕೆ ಇಳಿಸಿಯೇ ಲೆಕ್ಕಕ್ಕೆ ಹಿಡಿದರು. ನಾನು ಬಿಟ್ಟಿದ್ದೂ ಅದನ್ನೇ.

ಸರ್ವೆ ಪ್ರಾಕ್ಟಿಕಲ್‌ಗೆ ಹೋದಾಗ ಫೀಲ್ಡ್ ಬುಕ್‌ನಲ್ಲಿ ಪ್ರತಿ ಅಳತೆಯ ಪಕ್ಕ ‘ಓರೆ’ ಅಥವಾ ‘ಮಟ್ಟ’ ಅಂತ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ನೆನಪಿಸಿಕೊಂಡು ಬರೆಯೋದು ಬೇಡ.