ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೈಸ್ಕೂಲ್ ಸ್ಟಾರ್‌ಗಳನ್ನೇ ತುಂಬಿಕೊಂಡರೆ ಕಪ್ ಗೆಲ್ಲಬಹುದಾ?

ಗೆದ್ದದ್ದುಂಟು. 2012ರಲ್ಲಿ ಕೆಂಟಕಿ, 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡಗಳು ಹೈಸ್ಕೂಲ್ ಮುಗಿಸಿ ಬಂದ ಮೊದಲ ವರ್ಷದ ಹುಡುಗರನ್ನೇ ನಂಬಿ ಚಾಂಪಿಯನ್ ಆದವು. ಈಗ ಅದು ಕಷ್ಟ. 2021ರಲ್ಲಿ ನಿಯಮ ಸಡಿಲವಾಯಿತು. ಮೊದಲ ಸಲ ಕಾಲೇಜು ಬದಲಿಸಿದವನು ಒಂದು ವರ್ಷ ಸುಮ್ನೆ ಬೆಂಚ್ ಕಾಯಬೇಕಿಲ್ಲ ಎಂದಾಯಿತು. ಜಾಹೀರಾತಿನ ದುಡ್ಡೂ ಪಡೆಯಬಹುದು. ಹಾಗಾಗಿ ಪಳಗಿದ ಆಟಗಾರರೇ ಕೋಚ್‌ಗಳ ಕೈಗೆ ಸಿಗುತ್ತಾರೆ.

2025ರ ಫ್ಲೋರಿಡಾ ನೋಡಿ. ಫೈನಲ್‌ನಲ್ಲಿ ಹ್ಯೂಸ್ಟನ್ ಮೇಲೆ 65-63ರಿಂದ ಗೆದ್ದ ತಂಡದಿಂದ ಮೊದಲು ಕಣಕ್ಕಿಳಿದ ಐವರಲ್ಲಿ ನಾಲ್ವರು ಬೇರೆ ಕಾಲೇಜಿನಿಂದ ಬಂದವರು. ಅವರಲ್ಲೊಬ್ಬ ವಾಲ್ಟರ್ ಕ್ಲೇಟನ್ ಜೂನಿಯರ್ ಮೊದಲು ಆಡಿದ್ದು ಅಯೋನಾ ಎಂಬ ಚಿಕ್ಕ ಕಾಲೇಜಿಗೆ. ಫೈನಲ್‌ನ ಮೊದಲರ್ಧದಲ್ಲಿ ಅವನಿಗೆ ಒಂದು ಪಾಯಿಂಟೂ ಇಲ್ಲ. ಆದರೆ ಕೊನೇ ಕ್ಷಣದಲ್ಲಿ ಅವನು ಅಡ್ಡ ಹಾರಿದ್ದಕ್ಕೇ ಹ್ಯೂಸ್ಟನ್‌ಗೆ ಶಾಟ್ ಹೊಡೆಯಲಾಗಲಿಲ್ಲ.

ಅದೇ ವರ್ಷ ಕೂಪರ್ ಫ್ಲ್ಯಾಗ್‌ನಂಥ ಮೊದಲ ವರ್ಷದ ಸ್ಟಾರ್ ಹುಡುಗನಿದ್ದೂ ಡ್ಯೂಕ್ ಸೆಮಿಫೈನಲ್‌ನಲ್ಲಿ ಸೋತಿತು. ನನ್ನ ಕೇಳಿದರೆ ಅಂಥವನು ಒಬ್ಬ ಸಾಕು, ಸುತ್ತ ಮೂರ್ನಾಲ್ಕು ವರ್ಷ ಆಡಿದವರಿರಲಿ. ಅಭಿಮಾನಿಗಳಿಗೇನೋ ಪ್ರತಿವರ್ಷ ಹೊಸ ಹೆಸರು ಕಲಿಯುವ ತಲೆನೋವು, ಅಲ್ವಾ?